ಗೆದ್ದ ಯೋಜನೆ ಎರಡನೇ ಸಲ ಸೋತದ್ದೇಕೆ?

ಪ್ರಶ್ನೆ: 20 ಜಾಗಗಳಲ್ಲಿ 5ನ್ನು ಆರಿಸಿ ಆಂಬುಲೆನ್ಸ್ ನಿಲ್ಲಿಸಬೇಕಿದೆ. ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ಅಣಕು ಓಟ) ಜೊತೆ ಆಪ್ಟಿಮೈಸೇಷನ್ (ಅತ್ಯುತ್ತಮವಾದದ್ದನ್ನು ಹುಡುಕುವ ಗಣಿತ) ಸೇರಿಸಿ ಅತ್ಯುತ್ತಮ ಯೋಜನೆಯನ್ನು ಹುಡುಕಿದೆವು. ಅದನ್ನೇ ಮತ್ತೆ ಓಡಿಸಿದರೆ ಮೊದಲಿನಷ್ಟು ಚೆನ್ನಾಗಿಲ್ಲ. ತಪ್ಪೆಲ್ಲಿ?

ಉತ್ತರ: ಪ್ರೋಗ್ರಾಮಿನಲ್ಲಿ ದೋಷವಿಲ್ಲದೆಯೂ ಹೀಗಾಗುತ್ತದೆ. ಕರೆ ಯಾವಾಗ ಬರುತ್ತದೆ, ದಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೆಲ್ಲ ಯಾದೃಚ್ಛಿಕ ಸಂಖ್ಯೆಗಳಿಂದ ನಿರ್ಧಾರವಾಗುವುದರಿಂದ ಪ್ರತಿ ಓಟದ ಫಲಿತಾಂಶವೂ ಬೇರೆ. ತಲುಪುವ ಸರಾಸರಿ ಸಮಯದ ಪ್ರಮಾಣ ವಿಚಲನೆ (ಏರುಪೇರಿನ ಅಳತೆ) ಓಟದಿಂದ ಓಟಕ್ಕೆ 1 ನಿಮಿಷ ಎನ್ನಿ. 10 ಓಟಗಳ ಸರಾಸರಿಯಲ್ಲಿ ಇನ್ನೂ 0.32 ನಿಮಿಷದ ಏರುಪೇರು ಉಳಿದಿರುತ್ತದೆ. ನಿಜಕ್ಕೂ ಸರಿಸಮವಾದ 100 ಯೋಜನೆಗಳನ್ನು ಹೀಗೆ ಹೋಲಿಸಿದರೆ, ಗೆದ್ದದ್ದು ಬರೀ ಅದೃಷ್ಟದಿಂದಲೇ ತನ್ನ ನಿಜವಾದ ಸರಾಸರಿಗಿಂತ ಸುಮಾರು 48 ಸೆಕೆಂಡು ಮುಂದಿರುವಂತೆ ಕಾಣುತ್ತದೆ! ಮತ್ತೆ ಓಡಿಸಿದಾಗ ಆ ಅದೃಷ್ಟ ಜೊತೆಗಿರುವುದಿಲ್ಲ. ಏರುಪೇರನ್ನು ಅರ್ಧಕ್ಕಿಳಿಸಲು ಓಟಗಳು 4 ಪಟ್ಟು ಬೇಕು.

ಎಲ್ಲವನ್ನೂ ಓಡಿಸಿ ನೋಡುವುದೂ ಆಗದ ಮಾತು. 20ರಲ್ಲಿ 5ನ್ನು ಆರಿಸುವ ಬಗೆಗಳು 15,504. ತಲಾ 30 ಓಟ, ಓಟಕ್ಕೆ 1 ನಿಮಿಷವೆಂದರೂ 323 ದಿನ. ಆದ್ದರಿಂದ ಮೊದಲು ಸರಳ ಗಣಿತದಿಂದ ಜರಡಿ ಹಿಡಿಯಿರಿ. ನಿಗದಿತ ಸಮಯದೊಳಗೆ ಅತಿ ಹೆಚ್ಚು ಜನರನ್ನು ತಲುಪುವ ಜಾಗಗಳನ್ನು ಆರಿಸುವ ಮಾದರಿಯನ್ನು ಚರ್ಚ್ ಮತ್ತು ರೆವೆಲ್ 1974ರಲ್ಲೇ ಕೊಟ್ಟಿದ್ದಾರೆ. ಒಂದು ಕರೆಗೆ ಹೋದ ವಾಹನ ಇನ್ನೊಂದಕ್ಕೆ ಸಿಗುವುದಿಲ್ಲ ಎಂಬುದು ಆ ಮಾದರಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅದು ಮೊದಲನೆಯದೆಂದು ಕೊಟ್ಟದ್ದನ್ನಷ್ಟೇ ನಂಬದೆ ಅದರ ಪಟ್ಟಿಯ ಮೊದಲ 50 ಯೋಜನೆಗಳನ್ನು ಇಟ್ಟುಕೊಳ್ಳಿ.

ಈ 50ಕ್ಕೂ ಅದೇ ಕರೆಗಳು ಅದೇ ಹೊತ್ತಿಗೆ ಬರುವಂತೆ ಒಂದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಅಂಕಿ) ಕೊಟ್ಟು, ಯೋಜನೆಗಳ ನಡುವಿನ ವ್ಯತ್ಯಾಸವನ್ನು ಅಳೆಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ: ಕರೆಗೂ ಪ್ರಯಾಣದ ಸಮಯಕ್ಕೂ ಒಂದೇ ಸಂಖ್ಯಾಸರಣಿ ಬಳಸಿದರೆ, ಒಂದು ವಾಹನ ಬೇರೆ ಕಡೆಯಿಂದ ಹೊರಟ ಕೂಡಲೇ ಮುಂದಿನ ಕರೆಗಳೂ ಬದಲಾಗಿ ಹೋಲಿಕೆ ಕೆಡುತ್ತದೆ. ಎರಡಕ್ಕೂ ಪ್ರತ್ಯೇಕ ಸರಣಿ ಇರಲಿ. ಎಲ್ಲ ವಾಹನಗಳೂ ಬಿಡುವಾಗಿರುವ ಆರಂಭದ ಗಂಟೆಗಳನ್ನು ಲೆಕ್ಕದಿಂದ ಬಿಡಿ. ಕೊನೆಗೆ ಈ ಹೋಲಿಕೆಯಲ್ಲಿ ಮುಂದಿರುವ 5 ಯೋಜನೆಗಳನ್ನು ಹೊಸ ಸೀಡ್‌ಗಳಿಂದ 200 ಸಲ ಓಡಿಸಿ, ಆ ಅಂಕಿಯನ್ನೇ ವರದಿಯಲ್ಲಿ ಬರೆಯಿರಿ.

ಇದಕ್ಕಿಂತ ದೊಡ್ಡ ಅಪಾಯ ಗುರಿಯಲ್ಲಿದೆ. ಸರಾಸರಿಯನ್ನಷ್ಟೇ ತಗ್ಗಿಸಹೊರಟರೆ ವಾಹನಗಳೆಲ್ಲ ಜನ ಕಿಕ್ಕಿರಿದ ಕಡೆಗೇ ಸರಿದು, ಅಂಚಿನವರು ಕಾಯುತ್ತಲೇ ಉಳಿಯುತ್ತಾರೆ. ಪ್ರತಿ ವಲಯದಲ್ಲೂ ಶೇ 90ರಷ್ಟು ಕರೆಗಳಿಗೆ ಇಷ್ಟು ನಿಮಿಷದೊಳಗೆ ತಲುಪಲೇಬೇಕೆಂಬ ಷರತ್ತು ಹಾಕಿ. ಆ ‘ಇಷ್ಟು’ ಎಷ್ಟೆಂಬುದು ಜನರಿಗೆ ಉತ್ತರ ಕೊಡಬೇಕಾದವರ ತೀರ್ಮಾನ. ಮಿತಿಯನ್ನು ಒಂದೊಂದೇ ನಿಮಿಷ ಬಿಗಿ ಮಾಡುತ್ತ ಹೋದರೆ ಸರಾಸರಿ ಎಷ್ಟು ಏರುತ್ತದೆಂದು ಅವರ ಮುಂದೆ ಗೆರೆಯೆಳೆದು ತೋರಿಸಿ. ಕರೆಗಳು ಶೇ 20ರಷ್ಟು ಹೆಚ್ಚಿದರೆ ಆ 5 ಯೋಜನೆಗಳ ಸ್ಥಾನ ಅದಲುಬದಲಾಗುತ್ತದೆಯೇ ಎಂಬುದೂ ಅದೇ ಪುಟದಲ್ಲಿರಲಿ.