ಇಂಗ್ಲಿಷಿನ ‘ರೆಕ್ಲೂಸ್’ ಪದದ ಅರ್ಥವೇನು? ಅದನ್ನು ಹೇಗೆ ಬಳಸಬೇಕು?

ಜನರ ಒಡನಾಟವನ್ನು ತಾನಾಗಿಯೇ ತೊರೆದು, ಹೆಚ್ಚಾಗಿ ಮನೆಯೊಳಗೇ ಉಳಿದು ಬಾಳುವ ವ್ಯಕ್ತಿಯನ್ನು ‘ರೆಕ್ಲೂಸ್’ ಎನ್ನುತ್ತಾರೆ. ಕನ್ನಡದ ‘ಏಕಾಂತವಾಸಿ’ ಇದಕ್ಕೆ ಸಾಕಷ್ಟು ಹತ್ತಿರವಾಗುತ್ತದೆ. ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದ ಈ ಪದದ ಮೂಲ ಧಾತುವಿಗೆ ಪ್ರಾಚೀನ ಲ್ಯಾಟಿನ್ನಿನಲ್ಲಿ ‘ತೆರೆ’ ಎಂಬ ಅರ್ಥವಿದ್ದು, ಕಾಲಾಂತರದಲ್ಲಿ ಅದು ‘ಮುಚ್ಚಿಡು’ ಎಂದು ತಿರುಗಿತೆಂಬುದು ವಿಚಿತ್ರವಾದರೂ ನಿಜ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಚಿಗೆ ಹೊಂದಿಕೊಂಡ ಕೋಣೆಯೊಳಗೆ ಪ್ರಾರ್ಥನೆಗಾಗಿ ಜೀವನಪರ್ಯಂತ ಉಳಿಯುತ್ತಿದ್ದವರಿಗೆ ಈ ಪದ ಸಲ್ಲುತ್ತಿತ್ತು. ಇಂದು ಧಾರ್ಮಿಕ ಕಾರಣವಿರಬೇಕೆಂದಿಲ್ಲ.

ಅಮೆರಿಕದ ಆಮ್ಹರ್ಸ್ಟ್ ಊರಿನ ಕವಯಿತ್ರಿ ಎಮಿಲಿ ಡಿಕಿನ್ಸನ್ (1830–1886) ಕೊನೆಯ ವರ್ಷಗಳಲ್ಲಿ ಮನೆಯಿಂದ ಹೊರಬರುವುದೇ ಅಪರೂಪವಾಗಿದ್ದುದರಿಂದ, ಆಕೆಯ ಬಗ್ಗೆ ಬರೆಯುವವರು ಈ ಪದವನ್ನು ಮೇಲಿಂದ ಮೇಲೆ ಬಳಸುತ್ತಾರೆ. ಆದರೆ ಆಕೆ ಪತ್ರಗಳ ಮೂಲಕ ಹಲವರೊಡನೆ ನಿಕಟ ಸ್ನೇಹವನ್ನು ಉಳಿಸಿಕೊಂಡಿದ್ದರಾದ್ದರಿಂದ, ಈ ಹಣೆಪಟ್ಟಿ ನನಗೆ ಅರ್ಧಸತ್ಯವೆನಿಸುತ್ತದೆ.

ವಾಕ್ಯದಲ್ಲಿ ಇದು ನಾಮಪದ: ‘ಹಿ ಲಿವ್ಸ್ ಲೈಕ್ ಎ ರೆಕ್ಲೂಸ್’. ವಿಶೇಷಣ ಬೇಕಾದಾಗ ‘ರೆಕ್ಲೂಸಿವ್’ ಎನ್ನಬೇಕು: ‘ಎ ರೆಕ್ಲೂಸಿವ್ ರೈಟರ್’. ಯಾರೂ ಜೊತೆಗಿಲ್ಲವೆಂದು ಕೊರಗುವವರಿಗೆ ಈ ಪದ ಒಪ್ಪುವುದಿಲ್ಲ. ಅಲ್ಲಿ ‘ಲೋನ್ಲಿ’ ಸರಿಯಾದದ್ದು.