ಕಂಪೈಲರ್‌ಗೆ ಹಾಕಿದ ತೇಪೆ: ಇಟ್ಟುಕೊಳ್ಳುವುದೋ, ಕಳಿಸಿಕೊಡುವುದೋ?

ಪ್ರಶ್ನೆ: ಫರ್ಮ್‌ವೇರ್ ಬರೆಯುವ ಸಣ್ಣ ತಂಡ ನಮ್ಮದು. ಸೋರ್ಸ್ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್ ಮತ್ತು ಲೈಬ್ರರಿಗಳನ್ನು ಕಟ್ಟಲು ನೆರವಾಗುವ ಲಿಬ್‌ಟೂಲ್‌ಗೆ ನಾವೇ ಮಾಡಿಕೊಂಡ ಹತ್ತಾರು ಪ್ಯಾಚ್‌ಗಳಿವೆ, ಅಂದರೆ ಅವುಗಳ ಕೋಡಿಗೆ ಹಾಕಿದ ತಿದ್ದುಪಡಿಗಳು. ಹೊಸ ಆವೃತ್ತಿ ಬಂದಾಗಲೆಲ್ಲ ಅವನ್ನು ಮತ್ತೆ ಕೂರಿಸುವುದರಲ್ಲೇ ಹೈರಾಣಾಗುತ್ತೇವೆ. ಮೂಲ ಯೋಜನೆಗೆ ಕಳಿಸೋಣವೆಂದರೆ, ಅವರು ಒಪ್ಪುವಷ್ಟರಲ್ಲಿ ವರ್ಷ ಕಳೆಯುತ್ತದೆ ಎನ್ನುತ್ತಾರೆ ಮೇಲಿನವರು. ಏನು ಮಾಡಲಿ?

ಉತ್ತರ: ವರ್ಷ ಕಳೆಯಬಹುದು, ನಿಜ. ಆದರೂ ಜಿಸಿಸಿಯದನ್ನು ಕಳಿಸಿ. ಕಳಿಸುವಾಗ ನಿಮ್ಮ ಕೋಡ್‌ಗೇ ಜೋತುಬೀಳಬೇಡಿ.

ಒಂದೇ ಸೋರ್ಸ್ ಕೋಡ್‌ನಿಂದ ಯಾರು, ಯಾವಾಗ ಬಿಲ್ಡ್ ಮಾಡಿದರೂ ಒಂದು ಬೈಟ್ ಕೂಡ ವ್ಯತ್ಯಾಸವಿಲ್ಲದ ಫೈಲ್ ಬರಬೇಕೆಂದು, ಲಿನಕ್ಸ್ ಆಧಾರಿತ ಮುಕ್ತ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್‌ನವರು ಹೊರಟಾಗ, ಮೊದಮೊದಲು ಅವರೂ ತಿದ್ದಿದ ಉಪಕರಣಗಳನ್ನು ಬೇರೆಯಾಗಿ ಇಟ್ಟುಕೊಂಡೇ ಪ್ರಯೋಗ ನಡೆಸಿದರು. ಆಮೇಲೆ ಒಂದೊಂದನ್ನೇ ಮೂಲಕ್ಕೆ ದಾಟಿಸತೊಡಗಿದರು. ಬಿಲ್ಡ್ ಆದ ದಿನಾಂಕ ಫೈಲಿನೊಳಗೆ ಸೇರಿಕೊಳ್ಳುತ್ತಿದ್ದ ತೊಂದರೆಗೆ ‘ಸೋರ್ಸ್ ಡೇಟ್ ಎಪಾಕ್’ ಎಂಬ, ಗೊತ್ತುಪಡಿಸಿದ ದಿನಾಂಕವೊಂದನ್ನು ಉಪಕರಣಗಳಿಗೆ ಹೊರಗಿನಿಂದ ತಿಳಿಸುವ ವೇರಿಯಬಲ್ ಪರಿಹಾರವಾಯಿತು. 2017ರ ಜಿಸಿಸಿ 7ರಲ್ಲಿ ಅದಕ್ಕೆ ಬೆಂಬಲ ಬಂತು. ಬಿಲ್ಡ್ ನಡೆದ ಫೋಲ್ಡರಿನ ಹಾದಿ (ಪಾತ್) ಫೈಲಿನೊಳಗೆ ನುಸುಳುವುದಕ್ಕೂ ವೇರಿಯಬಲ್ ಮೂಲಕವೇ ಮದ್ದು ಹುಡುಕಿ ಕಳಿಸಿದರೆ, ಜಿಸಿಸಿ ಒಪ್ಪಲಿಲ್ಲ. ಆದರೆ ಮರುವರ್ಷದ ಜಿಸಿಸಿ 8ರಲ್ಲಿ ‘ಫೈಲ್ ಪ್ರಿಫಿಕ್ಸ್ ಮ್ಯಾಪ್’ ಎಂಬ ಆಯ್ಕೆ ಬಂದು ಅದೇ ಕೆಲಸ ಮಾಡಿಕೊಟ್ಟಿತು. ನೀವೂ ದೋಷವನ್ನು ಹತ್ತು ಸಾಲಿನ ಪ್ರೋಗ್ರಾಂನಲ್ಲಿ ತೋರಿಸಿಕೊಡಿ, ಜೊತೆಗೆ ಪ್ಯಾಚ್ ಇರಲಿ. ಅವರು ಬೇರೆ ದಾರಿಯಲ್ಲಿ ಸರಿಪಡಿಸಿದರೆ ನಿಮಗೇನು ನಷ್ಟ?

ಲಿಬ್‌ಟೂಲ್ ಮಾತ್ರ ಬೇರೆಯೇ ಜಾತಿ. ಅದನ್ನು ಬಳಸುವ ಪ್ರತಿ ಪ್ಯಾಕೇಜೂ ತನ್ನ ಟಾರ್‌ಬಾಲ್‌ನಲ್ಲಿ (ಸೋರ್ಸ್ ಕೋಡಿನ ಕಟ್ಟಿನಲ್ಲಿ) ಲಿಬ್‌ಟೂಲ್‌ನ ಸ್ಕ್ರಿಪ್ಟನ್ನು ಹೊತ್ತು ತರುತ್ತದೆ. ಹಾಗಾಗಿ ನಿಮ್ಮ ಯಂತ್ರದಲ್ಲಿ ತಿದ್ದಿದರೂ, ಮೂಲದವರೇ ತಿದ್ದಿದರೂ, ಹಳೆಯ ಪ್ರತಿ ಹಾಗೇ ಉಳಿಯುತ್ತದೆ. ಬಿಲ್ಡ್‌ಗೆ ಮೊದಲು, ಇಂಥ ಸ್ಕ್ರಿಪ್ಟುಗಳನ್ನು ಹೊಸದಾಗಿ ತಯಾರಿಸುವ ‘ಆಟೋರೀಕಾನ್ಫ್’ ಓಡಿಸದೆ ಗತ್ಯಂತರವಿಲ್ಲ. ಡೆಬಿಯನ್‌ನ ಪ್ಯಾಕೇಜ್ ಕಟ್ಟುವ ಉಪಕರಣವಾದ ಡೆಬ್‌ಹೆಲ್ಪರ್, ಹೊಂದಾಣಿಕೆಯ (ಕಂಪ್ಯಾಟ್) 10ನೇ ಹಂತದಿಂದ ಅದನ್ನು ತಾನಾಗಿಯೇ ಮಾಡುತ್ತದೆ. ಅಷ್ಟಾದರೂ ಲಿಬ್‌ಟೂಲ್‌ಗೆ ತನ್ನದೇ ಪ್ಯಾಚನ್ನು ಡೆಬಿಯನ್ ವರ್ಷಗಳಿಂದ ಸಾಕಿಕೊಂಡು ಬಂದಿದೆ. ನೀವು ಒಂದೆರಡನ್ನು ಇಟ್ಟುಕೊಂಡರೆ ಅಪರಾಧವೇನಲ್ಲ.

ಇಟ್ಟುಕೊಳ್ಳುವ ಪ್ರತಿ ಪ್ಯಾಚಿನ ತಲೆಯಲ್ಲಿ ಅದು ಏಕೆ ಬೇಕಾಯಿತು, ಕಳಿಸಿದ್ದೀರಾ, ಏನು ಉತ್ತರ ಬಂತು ಎಂದು ಬರೆದಿಡಿ. ಬರೆಯಲು ಕಾರಣವೇ ಹೊಳೆಯದಿದ್ದರೆ ತೆಗೆದು ಬಿಲ್ಡ್ ಮಾಡಿ ನೋಡಿ. ಕೆಲವು ಸತ್ತೇ ಹೋಗಿರುತ್ತವೆ.

ಇನ್ನು ಕಾಗದಪತ್ರ. 2021ರಿಂದ ಜಿಸಿಸಿಗೆ ಪ್ಯಾಚ್ ಕಳಿಸುವವರು ಹಕ್ಕುಸ್ವಾಮ್ಯ ಬರೆದುಕೊಡಲೇಬೇಕೆಂದಿಲ್ಲ, ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ದೃಢೀಕರಿಸುವ ಸೈನ್‌ಆಫ್ ಸಾಲೊಂದು ಸಾಕು. ಆದರೆ ಸಂಬಳದ ಸಮಯದಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದು. ಅನುಮತಿಯನ್ನು ಬರಹದಲ್ಲಿ ಪಡೆಯಿರಿ, ಅದೂ ಮೊದಲ ಪ್ಯಾಚ್ ಕಳಿಸುವುದಕ್ಕೆ ಮುಂಚೆ.