ಗೊಂಬೆ ಮೇಲೆ ಕಲಿತರೆ ಸಾಕಾ?

ಪ್ರಶ್ನೆ: ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಸ್ಕಿಲ್ ಲ್ಯಾಬ್‌ನಲ್ಲಿ ಗೊಂಬೆಯ ಎದೆ ಒತ್ತಿಸುತ್ತಾರಂತೆ. ರೋಗಿಯನ್ನು ಮುಟ್ಟದೆ ಡಾಕ್ಟರ್ ಆಗುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ರೋಗಿಯನ್ನು ಮುಟ್ಟದೆ ಯಾರೂ ಡಾಕ್ಟರ್ ಆಗುವುದಿಲ್ಲ, ಆ ಚಿಂತೆ ಬೇಡ. ಆದರೆ ಮೊದಲ ತಪ್ಪುಗಳು ಗೊಂಬೆ ಮೇಲೇ ಆಗಿಹೋಗಲಿ, ಅಲ್ವಾ? ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ) ಕೊಡುವಾಗ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸುಮ್ನೆ ಪುಸ್ತಕ ಓದಿದರೆ ಇದು ಕೈಗೆ ಬರುವುದಿಲ್ಲ. ಸೆನ್ಸರ್ ಇರುವ ಗೊಂಬೆಯಾದರೆ, ಎರಡು ನಿಮಿಷದೊಳಗೇ ತೋಳು ಸೋತು ಒತ್ತಡ ಕಡಿಮೆಯಾಗುವುದು ಪರದೆಯಲ್ಲಿ ಕಾಣುತ್ತದೆ. ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು ಅನ್ನುವುದು ಅದಕ್ಕೇ. ಇದು ಹೊಸದೇನಲ್ಲ, ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲಾರ್ಡಾಲ್ 1960ರಲ್ಲೇ ‘ರೆಸಸಿ ಆ್ಯನ್’ ಗೊಂಬೆ ತಂದರು.

ಪರೀಕ್ಷೆಗೂ ಇದೇ ದಾರಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ತಂಡ 1975ರಲ್ಲಿ ಪರಿಚಯಿಸಿದ ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಒಂದೊಂದೇ ಮೇಜಿಗೆ ಹೋಗಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಎಲ್ಲರಿಗೂ ಒಂದೇ ಕೆಲಸ, ಒಂದೇ ಅಳತೆ. ಹಾಗಾಗಿ ಅದೃಷ್ಟದ ಪಾತ್ರ ಕಡಿಮೆ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಅಭ್ಯಾಸದ ನಂತರದ ಮಾತುಕತೆ. ಎಲ್ಲಿ ತಡವಾಯಿತು, ಯಾಕೆ ತಡವಾಯಿತು ಅಂತ ಮೇಷ್ಟ್ರು ಕೂತು ಕೇಳುತ್ತಾರಾ? ಮಗಳನ್ನು ಇದನ್ನೇ ವಿಚಾರಿಸಿ.